ಮಂಗಳ ಗ್ರಹದಲ್ಲಿ ನೀರೇ ಇಲ್ಲ ಅಂತಾರೆ, ಮತ್ತೆ ಮೋಡ ಎಲ್ಲಿಂದ ಬರುತ್ತೆ?

ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ, ಕೇಳೋದು ಸಹಜಾನೇ. ಅಲ್ಲಿ ಕೆರೆ ಇಲ್ಲ, ಸಮುದ್ರ ಇಲ್ಲ, ಗಾಳಿಯ ಒತ್ತಡ ಭೂಮಿಯದ್ರಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ, ಇರೋ ಆ ಗಾಳಿಲೂ 95% ಕಾರ್ಬನ್ ಡೈಆಕ್ಸೈಡೇ. ಆದ್ರೂ ಮೋಡ ಇದೆ, ಅಲ್ಲಿ ನೆಲದ ಮೇಲೆ ಓಡಾಡೋ ರೋವರ್ ಅನ್ನೋ ಯಂತ್ರಗಳು ತೆಗೆದ ಫೋಟೋನೂ ಇದೆ.

ಮೋಡ ಆಗೋಕೆ ರಾಶಿ ನೀರು ಬೇಕು ಅಂದ್ಕೊಂಡಿದ್ರೆ ಅದನ್ನ ಮೊದ್ಲು ಬಿಟ್ಬಿಡಿ. ಮಂಗಳದ ಗಾಳಿಲಿರೋ ನೀರಾವಿನೆಲ್ಲ ಇಳಿಸಿ ನೆಲದ ಮೇಲೆ ಹರಡಿದ್ರೆ ಸಾಮಾನ್ಯವಾಗಿ ಒಂದು ತಲೆಗೂದಲಿನ ದಪ್ಪಾನೂ ಆಗಲ್ಲ, ಆದ್ರೆ ಅಲ್ಲಿನ ಚಳಿ ಎಂಥದ್ದು ಅಂದ್ರೆ ಅಷ್ಟು ಚೂರು ಆವಿಗೂ ಆವಿಯಾಗೇ ಇರೋಕಾಗಲ್ಲ. ಗಾಳಿ ಮೇಲಕ್ಕೆ ಹೋದ ಹಾಗೆ ಹಿಗ್ಗಿ ಇನ್ನೂ ತಣ್ಣಗಾಗುತ್ತೆ, ಆವಿ ನಡುವೆ ನೀರಾಗದೆ ನೇರ ಐಸ್ ಆಗ್ಬಿಡುತ್ತೆ, ಫ್ರೀಝರ್ ಗೋಡೆ ಮೇಲೆ ಬೆಳ್ಳಗೆ ಕಟ್ಕೊಳುತ್ತಲ್ಲ ಹಾಗೆ.

ಆದ್ರೆ ಬರೀ ಚಳಿ ಸಾಲಲ್ಲ, ನಂಗೆ ಇದ್ರಲ್ಲಿ ತುಂಬಾ ಇಷ್ಟದ ಭಾಗ ಇದೇ. ನೀರಿನ ಅಣುಗಳು ಖಾಲಿ ಗಾಳಿಲಿ ಒಂದಕ್ಕೊಂದು ಅಂಟ್ಕೊಂಡ್ರೂ ಮತ್ತೆ ಚದುರಿಹೋಗ್ತವೆ, ಕೂರೋಕೆ ಒಂದು ಜಾಗ ಬೇಕು. ಆ ಜಾಗ ಅಂದ್ರೆ ಧೂಳು. ಮಂಗಳದ ಕೆಂಪು ಧೂಳು ಹೊಗೆಯಷ್ಟು ನುಣುಪು, ಅದ್ರ ಒಂದು ಕಣದ ಮೇಲೆ ಒಂದಷ್ಟು ಅಣು ಕೂತು, ಅವುಗಳ ಮೇಲೆ ಇನ್ನಷ್ಟು ಬಂದು ಕೂತು, ಕೊನೆಗೆ ಕಣಾನೇ ಐಸಿನೊಳಗೆ ಮುಚ್ಚಿಹೋಗುತ್ತೆ. ಇಂಥ ಕೋಟಿ ಕೋಟಿ ಹರಳು ಸೇರಿದ್ರೆ ಮೋಡ.

ಹಾಗಾದ್ರೆ ನೆಲದ ಧೂಳು ಹೆಚ್ಚಾಗಿ ತಲುಪದ ಎತ್ತರದಲ್ಲಿ? 2019ರಲ್ಲಿ ಬಂದ ಒಂದು ಅಧ್ಯಯನ ಕೊಟ್ಟ ಉತ್ತರ ಉಲ್ಕೆಗಳು. ದಿನಕ್ಕೆ ಎರಡು ಮೂರು ಟನ್ ಉಲ್ಕಾಕಣ ಮಂಗಳಕ್ಕೆ ಬೀಳುತ್ತಂತೆ, ಅವು ಮೇಲೇ ಉರಿದು ಬಿಡೋ ಸಣ್ಣ ಹೊಗೆಕಣಗಳ ಮೇಲೂ ಐಸ್ ಕಟ್ಟಬಹುದು. ಉರಿದುಹೋದ ಉಲ್ಕೆಯ ಚೂರು ಒಂದು ಮೋಡದ ಹೊಟ್ಟೆಲಿರೋದನ್ನ ಸ್ವಲ್ಪ ಯೋಚನೆ ಮಾಡಿ ನೋಡಿ!

ಗಾಳಿ ಮೇಲೇರೋದಕ್ಕೆ ಬೆಟ್ಟಗಳೂ ಕಾರಣ ಆಗ್ತವೆ. ಆರ್ಸಿಯಾ ಮಾನ್ಸ್ ಅಂತ ಸುಮಾರು 20 ಕಿ.ಮೀ. ಎತ್ತರದ ಜ್ವಾಲಾಮುಖಿ ಇದೆ, ವರ್ಷದ ಒಂದು ಕಾಲದಲ್ಲಿ ಬೆಳಗಿನ ಹೊತ್ತು ಅದ್ರ ಇಳಿಜಾರಲ್ಲಿ ಗಾಳಿ ಹತ್ತಿ ಬಾಲದ ಹಾಗೆ ಉದ್ದದ ಮೋಡ ಎಳ್ಕೊಳುತ್ತೆ, 1800 ಕಿ.ಮೀ.ವರೆಗೂ! 2018ರಲ್ಲಿ ಮಾರ್ಸ್ ಎಕ್ಸ್‌ಪ್ರೆಸ್ ನೌಕೆ ಕಳಿಸಿದ ಫೋಟೋ ನೋಡಿ ಜ್ವಾಲಾಮುಖಿ ಹೊಗೆ ಉಗುಳ್ತಿದೆ ಅಂದ್ಕೊಂಡವ್ರೂ ಇದ್ರು, ಅಲ್ಲ, ಅದು ಬರೀ ನೀರಿನ ಐಸು.

ಇನ್ನೊಂದು ಜಾತಿ ಮೋಡಕ್ಕೆ ನೀರೇ ಬೇಡ. ಇನ್ನೂ ಮೇಲೆ, 60-80 ಕಿ.ಮೀ. ಎತ್ತರದಲ್ಲಿ, ಚಳಿ ಮೈನಸ್ 170 ಡಿಗ್ರಿ ಹತ್ರ ಇಳಿದಾಗ ಗಾಳಿನೇ, ಅಂದ್ರೆ ಆ ಕಾರ್ಬನ್ ಡೈಆಕ್ಸೈಡೇ ಹೆಪ್ಪುಗಟ್ಟಿ ಡ್ರೈ ಐಸ್ ಹರಳಾಗುತ್ತೆ.

2021ರ ಮಾರ್ಚಲ್ಲಿ ಕ್ಯೂರಿಯಾಸಿಟಿ ರೋವರ್ ಸಂಜೆ ಹೊತ್ತು ಮೋಡಗಳ ಫೋಟೋ ತೆಗೀತು, ಅವುಗಳಲ್ಲಿ ಮೇಲಿದ್ದವು ಡ್ರೈ ಐಸಿನವೇ ಇರ್ಬೇಕು ಅನ್ನೋದು ವಿಜ್ಞಾನಿಗಳ ಅಂದಾಜು. ಸೂರ್ಯ ಮುಳುಗಿದ್ಮೇಲೂ ಆ ಎತ್ತರಕ್ಕೆ ಬೆಳಕು ತಾಗ್ತಿತ್ತು, ಅದಕ್ಕೇ ಕತ್ತಲಾಗ್ತಿರೋ ಆಕಾಶದಲ್ಲಿ ಹೊಳೀತಿದ್ವು. ಕೆಲವು ಮೋಡಗಳಲ್ಲಿ ಮುತ್ತಿನ ಚಿಪ್ಪಿನ ಹಾಗೆ ಗುಲಾಬಿ, ಹಸಿರು, ನೀಲಿ ಬಣ್ಣ ಬೇರೆ. ಹರಳುಗಳೆಲ್ಲ ಹೆಚ್ಚುಕಮ್ಮಿ ಒಂದೇ ಸೈಝ್ ಇದ್ರೆ ಮಾತ್ರ ಆ ಬಣ್ಣ ಬರೋದು, ಅಂದ್ರೆ ಆ ಮೋಡ ಆಗತಾನೇ ಹುಟ್ಟಿ ಎಲ್ಲಾ ಹರಳೂ ಒಟ್ಟೊಟ್ಟಿಗೆ ಬೆಳೀತಿತ್ತು.