ಬಿಎಸ್-6: ಆರ್‌ಸಿ ಕಾರ್ಡಿನಲ್ಲಿರುವ ಆ ಆರು

ಹಳೇ ಸ್ಕೂಟರ್ ಓಡಿಸಿದವರಿಗೆ ಗೊತ್ತು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ನಾಲ್ಕು ಸಲ ಕಿಕ್ ಹೊಡೆದರೆ, ಗಾಡಿ ಕೆಮ್ಮುತ್ತಾ ಸ್ಟಾರ್ಟ್ ಆಗುತ್ತಿತ್ತು. ಈಗಿನ ಸ್ಕೂಟರ್‌ಗಳಲ್ಲಿ ಚೋಕ್ ಹುಡುಕಿದರೂ ಸಾಮಾನ್ಯವಾಗಿ ಸಿಗಲ್ಲ. ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಅದನ್ನು ತಂದಿದ್ದು ಬಿಎಸ್-6.

ಬಿಎಸ್ ಅಂದರೆ ಭಾರತ್ ಸ್ಟೇಜ್. ಗಾಡಿಯ ಹೊಗೆಯಲ್ಲಿ ಯಾವ ವಿಷ ಎಷ್ಟಿರಬಹುದು ಅಂತ ಕೇಂದ್ರ ಸರ್ಕಾರ ಹಾಕಿದ ಮಿತಿ. ಯುರೋಪಿನ ಯೂರೋ ನಿಯಮಗಳನ್ನು ನೋಡಿಕೊಂಡು 2000ದಲ್ಲಿ ಶುರು ಮಾಡಿದ್ದು. ನಂಬರ್ ಏರಿದಷ್ಟೂ ಮಿತಿ ಬಿಗಿ. 2017ರ ಮಾರ್ಚ್ ಕೊನೆಯಲ್ಲಿ, ಇನ್ನು ಬಿಎಸ್-3 ಗಾಡಿ ಮಾರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದಾಗ ಡಿಸ್ಕೌಂಟಿಗಾಗಿ ಜನ ಶೋರೂಮ್‌ಗಳಿಗೆ ಮುಗಿಬಿದ್ದಿದ್ದು ನೆನಪಿದೆ ಅಲ್ವಾ? ಆಮೇಲೆ ದೇಶಪೂರ್ತಿ ಬಿಎಸ್-4. ಮೂರೇ ವರ್ಷಕ್ಕೆ, 2020ರ ಏಪ್ರಿಲ್ 1ಕ್ಕೆ, ಬಿಎಸ್-6. ಐದನ್ನು ಹಾರಿಸಿಯೇಬಿಟ್ಟರು.

ಇದು ಬರೀ ಎಂಜಿನ್ ವಿಷಯ ಅಂದುಕೊಳ್ಳುವವರೇ ಜಾಸ್ತಿ. ಅರ್ಧ ಕೆಲಸ ಬಂಕಿನಲ್ಲಿದೆ. ಹೊಗೆಯನ್ನು ಸೋಸುವ ಉಪಕರಣಗಳಿಗೆ ಗಂಧಕ ಆಗಿಬರಲ್ಲ, ಅವು ಕೆಡುತ್ತವೆ. ಅದಕ್ಕೇ ಪೆಟ್ರೋಲ್, ಡೀಸೆಲ್‌ನಲ್ಲಿ ಹತ್ತು ಲಕ್ಷ ಪಾಲಿಗೆ 50 ಪಾಲು ಇದ್ದ ಗಂಧಕವನ್ನು 10ಕ್ಕೆ ಇಳಿಸಿದರು. ರಿಫೈನರಿಗಳು ಬದಲಾಗದೆ ಗಾಡಿ ಮಾತ್ರ ಬದಲಾಗಿದ್ದರೆ ಎಲ್ಲಾ ಸುಮ್ನೆ ದಂಡ.

ಹೆಚ್ಚು ಪೆಟ್ಟು ತಿಂದಿದ್ದು ಡೀಸೆಲ್. ಡೀಸೆಲ್ ಕಾರು ಒಂದು ಕಿಲೋಮೀಟರಿಗೆ 250 ಮಿಲಿಗ್ರಾಂವರೆಗೆ ನೈಟ್ರೋಜನ್ ಆಕ್ಸೈಡ್ ಉಗುಳಬಹುದಿತ್ತು; ಈಗ 80. ಮಸಿಯ ಕಣಗಳು 25ರಿಂದ 4.5ಕ್ಕೆ ಇಳಿದವು. ಹೊಸ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕ ನೀಲಿ ಮುಚ್ಚಳದ ಚಿಕ್ಕ ಟ್ಯಾಂಕ್ ನೋಡಿರುತ್ತೀರಿ. ಅದಕ್ಕೆ ಹಾಕುವುದು ನೀರಲ್ಲಿ ಕರಗಿಸಿದ ಯೂರಿಯಾ. ಅದು ಎಂಜಿನ್ನಿಗೆ ಹೋಗಲ್ಲ, ಬಿಸಿ ಹೊಗೆಗೆ ಸಿಂಪಡಿಸುತ್ತಾರೆ. ಆಗ ನೈಟ್ರೋಜನ್ ಆಕ್ಸೈಡ್ ಬರೀ ನೈಟ್ರೋಜನ್ನೂ ನೀರೂ ಆಗುತ್ತದೆ. ಹೊಲಕ್ಕೆ ಹಾಕುವ ಚೀಲದ ಯೂರಿಯಾ ಕರಗಿಸಿ ಹುಯ್ಯಲು ಹೋಗಬೇಡಿ, ರಿಪೇರಿ ಬಿಲ್ ನೋಡಿ ಅಳಬೇಕಾಗುತ್ತದೆ.

ನನಗೆ ಇದರಲ್ಲಿ ಒಂದೇ ತಕರಾರು. ಈ ಮಿತಿ ಒಂದೊಂದು ಗಾಡಿಗೆ. ರಸ್ತೆಯಲ್ಲಿ ಒಟ್ಟು ಎಷ್ಟು ಗಾಡಿ ಇವೆ ಅಂತ ಬಿಎಸ್-6 ಕೇಳುವುದೇ ಇಲ್ಲ. ಭೂಮಿ ಬಿಸಿ ಮಾಡುವ ಕಾರ್ಬನ್ ಡೈಆಕ್ಸೈಡನ್ನೂ ಅದು ಲೆಕ್ಕಕ್ಕೆ ಹಿಡಿಯಲ್ಲ. ಕಾರುಗಳಿಗೆ ಅದಕ್ಕೆ ಬೇರೆ ನಿಯಮವಿದೆ, ಹೆಸರು ಕೆಫೆ. ಕಾಫಿ ಸಿಗುವ ಕೆಫೆ ಅಲ್ಲ! ಒಂದು ಕಂಪನಿ ಮಾರಿದ ಎಲ್ಲ ಕಾರುಗಳ ಸರಾಸರಿಯನ್ನು ಅದು ಅಳೆಯುತ್ತದೆ.