ಕೌಂಟರ್ ಹಿಂದಿನ ಫ್ರೇಮು: ಬೆಂಗಳೂರಿನ ಬಾರುಗಳಿಗೆ ಆಕಾರ ಕೊಟ್ಟ ಲೈಸೆನ್ಸುಗಳ ಕಥೆ

ಬೆಂಗಳೂರಿನ ಯಾವುದೇ ಬಾರಿಗೆ ಹೋಗಿ, ಕ್ಯಾಶ್ ಕೌಂಟರಿನ ಹಿಂದಿನ ಗೋಡೆ ನೋಡಿ. ದೇವರ ಪಟದ ಪಕ್ಕದಲ್ಲೇ ಊದುಬತ್ತಿ ಹೊಗೆಗೆ ಮಾಸಿದ ಫ್ರೇಮೊಂದು ನೇತಾಡುತ್ತಿರುತ್ತದೆ. ಅದು ಅಬಕಾರಿ ಇಲಾಖೆಯ ಲೈಸೆನ್ಸು. ಅದರಲ್ಲಿ ಸಿಎಲ್-2, ಸಿಎಲ್-7, ಸಿಎಲ್-9 ಅಂತ ಏನಾದರೊಂದು ಸಂಖ್ಯೆ ಇರುತ್ತದೆ. ಆ ಜಾಗದಲ್ಲಿ ಕುರ್ಚಿ ಇದೆಯೋ ಇಲ್ಲವೋ, ಮಹಡಿ ಮೇಲೆ ಲಾಡ್ಜ್ ಯಾಕಿದೆ, ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ, ಅದೇ ನೈಂಟಿಗೆ (90 ಎಂಎಲ್ ಮದ್ಯಕ್ಕೆ) ಪಕ್ಕದ ಬೀದಿಗಿಂತ ಇಲ್ಲಿ ಯಾಕೆ ಹೆಚ್ಚು ಕೊಡಬೇಕು ಎಂಬುದನ್ನೆಲ್ಲ ಬಹುಮಟ್ಟಿಗೆ ಆ ಸಂಖ್ಯೆಯೇ ತೀರ್ಮಾನಿಸಿರುತ್ತದೆ. ಐಟಿ ಬಂತು, ಸಂಬಳ ಬಂತು, ಪಬ್ ಬಂತು ಎಂದು ಹೇಳಿ ಮುಗಿಸುವವರೇ ಹೆಚ್ಚು. ಆದರೆ ಇಲ್ಲಿನ ಒಂದೊಂದು ಬಗೆಯ ಬಾರೂ ಒಂದೊಂದು ನಿಯಮದ ಕೂಸು.

ಸಂಖ್ಯೆಗಳ ಬೇರು 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಮತ್ತು ಅದರಡಿ ಬಂದ 1968ರ ಮದ್ಯ ಮಾರಾಟ ನಿಯಮಗಳಲ್ಲಿದೆ. ಸಿಎಲ್-2 ಎಂದರೆ ಚಿಲ್ಲರೆ ಅಂಗಡಿ. ಜನ ಇದನ್ನೇ ‘ವೈನ್ಸ್’, ‘ಎಂಆರ್‌ಪಿ’ ಅನ್ನುವುದು. ಸೀಲು ಒಡೆಯದ ಬಾಟಲಿಯನ್ನು ಮುದ್ರಿತ ಬೆಲೆಗೆ ಕೊಟ್ಟು ಕಳಿಸಬೇಕು, ಅಲ್ಲಿ ಕುಡಿಯಲು ಬಿಡುವಂತಿಲ್ಲ. ಹಲವು ಕಡೆ ಪಕ್ಕದ ಸಂದಿಯಲ್ಲಿ ಎದೆಮಟ್ಟದ ಕಟ್ಟೆ, ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್, ಮಸಾಲೆ ಕಡ್ಲೆಬೀಜ ಇಟ್ಟು ನಡೆಸುವ ‘ಸ್ಟ್ಯಾಂಡಿಂಗ್’ ನಿಯಮದ ಪ್ರಕಾರ ತಪ್ಪು. ಆದರೂ ಕೂಲಿ ಮುಗಿಸಿ ಬಂದವರಿಗೆ ಬಾರಿನ ಬಿಲ್ ಕೈಗೆಟಕದ್ದರಿಂದ ಅದು ನಡೆಯುತ್ತಲೇ ಇದೆ. ಸಿಎಲ್-4 ಕ್ಲಬ್ಬುಗಳಿಗೆ, ಸಿಎಲ್-6ಎ ಸ್ಟಾರ್ ಹೋಟೆಲುಗಳಿಗೆ, ಸಿಎಲ್-7 ತಂಗುವ ಕೋಣೆಗಳಿರುವ ಹೋಟೆಲುಗಳಿಗೆ. ಸಿಎಲ್-9 ಸಿಗುವುದು ಊಟ-ತಿಂಡಿ ಕೊಡುವ ಜಾಗಕ್ಕೆ. ಎಷ್ಟೇ ಚಿಕ್ಕ ಬಾರಾದರೂ ಬೋರ್ಡಿನಲ್ಲಿ ‘ಬಾರ್ ಅಂಡ್ ರೆಸ್ಟೋರೆಂಟ್’ ಎಂದೇ ಬರೆದಿರುವುದು ಇದಕ್ಕೇ. ಅಡುಗೆಮನೆಯಲ್ಲಿ ಎಗ್ ಬುರ್ಜಿ, ಚಿಲ್ಲಿ ಚಿಕನ್ ಬಿಟ್ಟು ಮತ್ತೇನೂ ಆಗದಿದ್ದರೂ ಕಾಗದದ ಮೇಲೆ ಅದು ರೆಸ್ಟೋರೆಂಟು.

ಕಾಯ್ದೆಗೂ ಹಿಂದೆ ಊರೇ ಎರಡಾಗಿತ್ತು. 1809ರಲ್ಲಿ ಬ್ರಿಟಿಷರು ದಂಡು (ಕಂಟೋನ್ಮೆಂಟ್) ಕಟ್ಟಿದ ಮೇಲೆ ಪೇಟೆಯದು ಒಂದು ಲೋಕ, ದಂಡಿನದು ಇನ್ನೊಂದು. ಪೇಟೆ ಕಡೆ ಹೆಂಡ, ಸಾರಾಯಿ, ಪಡಖಾನೆ. ದಂಡಿನ ಕಡೆ ಬಿಯರ್, ರಮ್, ಸೌತ್ ಪೆರೇಡಿನ (ಈಗಿನ ಎಂ.ಜಿ. ರಸ್ತೆ) ಸುತ್ತ ಸೈನಿಕರ ಗದ್ದಲ. ಅವರ ಬಾಯಾರಿಕೆಗೆಂದು ದಕ್ಷಿಣದಲ್ಲಿ ಹುಟ್ಟಿಕೊಂಡಿದ್ದ ಐದು ಬ್ರೂವರಿಗಳನ್ನು 1915ರಲ್ಲಿ ಥಾಮಸ್ ಲೀಶ್‌ಮನ್ ಒಂದುಗೂಡಿಸಿದ. ಅದೇ ಯುನೈಟೆಡ್ ಬ್ರೂವರೀಸ್. ಹಳೆಯ ಬ್ರೂವರಿ ಇದ್ದ ನೆಲದ ಮೇಲೆ ಇವತ್ತು ಯುಬಿ ಸಿಟಿ ನಿಂತಿದೆ. 1868ರಲ್ಲಿ ಶುರುವಾದ ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಲೆಫ್ಟಿನೆಂಟ್ ಚರ್ಚಿಲ್ ಕೊಡದೇ ಹೋದ 13 ರೂಪಾಯಿ ಬಾಕಿ ಈಗಲೂ ಇದೆ. ಎರಡು ಊರುಗಳು ಆಡಳಿತದಲ್ಲಿ ಒಂದಾದದ್ದು 1949ರಲ್ಲಿ. ಕುಡಿಯುವ ರೂಢಿ ಅಷ್ಟು ಬೇಗ ಒಂದಾಗಲಿಲ್ಲ. ಕಲಾಸಿಪಾಳ್ಯದಲ್ಲಿ ‘ಅಣ್ಣಾ, ಒಂದ್ ನೈಂಟಿ, ಒಂದ್ ಸೋಡಾ’ ಎಂದು ಕೂಗುವ ಬಾರಿಗೂ ಚರ್ಚ್ ಸ್ಟ್ರೀಟಿನ ಪಬ್ಬಿಗೂ ನಡುವಿನ ಗೆರೆ ಹೆಚ್ಚುಕಡಿಮೆ ಆ ಹಳೆಯ ಗಡಿಯ ಮೇಲೇ ಹಾದುಹೋಗುತ್ತದೆ.

1980ರ ದಶಕದ ಕೊನೆಯಲ್ಲಿ ಬಂದ ಪಬ್ಬುಗಳ ಹೊಸತನವಿದ್ದದ್ದು ನಲ್ಲಿಯಲ್ಲಿ. ಅದುವರೆಗೆ ಬಿಯರ್ ಎಂದರೆ 650 ಎಂಎಲ್ ಬಾಟಲಿ, ಅರೆಗತ್ತಲ ಪರ್ಮಿಟ್ ರೂಮು, ಪರದೆ ಕಟ್ಟಿದ ಫ್ಯಾಮಿಲಿ ಕ್ಯಾಬಿನ್. ಕೆಗ್‌ನಿಂದ, ಅಂದರೆ ಪೀಪಾಯಿಯಿಂದ, ನೇರ ಮಗ್ಗಿಗೆ ಇಳಿಯುವ ಡ್ರಾಟ್ ಬಿಯರ್ ಬಂದ ಮೇಲೆ ಒಂದೇ ಮಗ್ ಹಿಡಿದು ಸಂಜೆ ಕಳೆಯಲು ಸಾಧ್ಯವಾಯಿತು, ಬೆಳಕಿನಲ್ಲಿ ಕೂರಲು ಸಾಧ್ಯವಾಯಿತು, ಹೆಣ್ಣುಮಕ್ಕಳೂ ಬರತೊಡಗಿದರು. ಬಾಹ್ಯಾಕಾಶ ನೌಕೆಯ ಹೊಟ್ಟೆಯಂತೆ ಒಳಾಂಗಣ ಮಾಡಿದ್ದ ಚರ್ಚ್ ಸ್ಟ್ರೀಟಿನ ನಾಸಾ, ರೆಸಿಡೆನ್ಸಿ ರಸ್ತೆಯ ಪಬ್ ವರ್ಲ್ಡ್, ಬ್ಲ್ಯಾಕ್ ಕ್ಯಾಡಿಲಾಕ್, ಪರ್ಪಲ್ ಹೇಜ್, ರೆಸ್ಟ್ ಹೌಸ್ ರಸ್ತೆಯ ಪೀಕೋಸ್ ಎಲ್ಲವೂ ನಡೆದು ಮುಟ್ಟುವಷ್ಟು ಹತ್ತಿರದಲ್ಲಿದ್ದವು. ‘ಪಬ್ ಸಿಟಿ’ ಎಂಬ ಹೆಸರು ಬಂದದ್ದು ಇಡೀ ಊರಿನಿಂದಲ್ಲ, ಈ ನಾಲ್ಕಾರು ಬೀದಿಗಳಿಂದ.

ಅದೇ ದಶಕದ ಆರಂಭದಲ್ಲಿ ಊರಿನ ಇನ್ನೊಂದು ಮಗ್ಗುಲಲ್ಲಿ ನಡೆದದ್ದನ್ನು ಪಬ್ ಸಿಟಿಯ ಕಥೆಯಲ್ಲಿ ಯಾರೂ ಸೇರಿಸುವುದಿಲ್ಲ, ಸೇರಿಸಲೇಬೇಕು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಮೆಥನಾಲ್. ಕಾರ್ಖಾನೆಗಳಲ್ಲಿ ಬಳಸುವ ಈ ಅಗ್ಗದ ದ್ರವಕ್ಕೆ ಕುಡಿಯುವ ಮದ್ಯದ್ದೇ ರುಚಿ, ಅಮಲೂ ಅದೇ. ಯಕೃತ್ತು ಅದನ್ನು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲವಾಗಿ ಒಡೆಯುತ್ತದೆ, ಆ ಆಮ್ಲ ಕಣ್ಣಿನ ನರವನ್ನು ಸುಡುತ್ತದೆ. ಮೋಸ ಇರುವುದು ಹೊತ್ತಿನಲ್ಲಿ: ಕುಡಿದ ಕೂಡಲೇ ಏನೂ ಆಗುವುದಿಲ್ಲ. 12ರಿಂದ 24 ಗಂಟೆ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣ ಮುಂದೆ ಮಂಜು ಕವಿದಂತಾಗುವುದು ಶುರುವಾಗುತ್ತದೆ. ‘ರಾತ್ರಿಯದು ಇಳಿದಿಲ್ಲ, ಮಲಗಿಸಿ’ ಎಂದು ಮನೆಯವರು ಬಿಟ್ಟರೆ ಜೀವ ಹೋಗುತ್ತದೆ. ಕುಡಿದ ಮರುದಿನ ಕಣ್ಣು ಮಂಜಾಯಿತು ಎಂದರೆ ಮಜ್ಜಿಗೆ, ನಿಂಬೆಹಣ್ಣು ಬಿಟ್ಟು ನೇರ ದೊಡ್ಡಾಸ್ಪತ್ರೆಗೆ ಒಯ್ಯಬೇಕು. ಪ್ರತಿವಿಷ ಮತ್ತು ಡಯಾಲಿಸಿಸ್ ಹೊತ್ತಿಗೆ ಸಿಕ್ಕರೆ ಬದುಕಿಸಬಹುದು.

ಆಮೇಲೂ ಸಾರಾಯಿ ನಿಲ್ಲಲಿಲ್ಲ. ಹರಾಜಿನಲ್ಲಿ ಗುತ್ತಿಗೆ ಹಿಡಿದವರ ಕೈಯಲ್ಲಿ ಪ್ಯಾಕೆಟ್ಟಾಗಿ ಹಳ್ಳಿ-ಕೊಳೆಗೇರಿಗಳಿಗೆ ಹರಿಯುತ್ತಲೇ ಇತ್ತು. 2003ರಲ್ಲಿ ಸರ್ಕಾರ ಪಾನೀಯ ನಿಗಮ ಕಟ್ಟಿ ಬ್ರಾಂಡಿ, ವಿಸ್ಕಿ, ಬಿಯರಿನ ಸಗಟನ್ನು ಅದರ ಕೈಗೆ ಕೊಟ್ಟಿತು. ಅಂದಿನಿಂದ ಡಿಸ್ಟಿಲರಿಯಿಂದ ಹೊರಟ ಪೆಟ್ಟಿಗೆ ನಿಗಮದ ಡಿಪೋ ದಾಟಿಯೇ ಬಾರಿಗೆ ಬರಬೇಕು. ಮುಚ್ಚಳದ ಮೇಲೆ ಅಡ್ಡಲಾಗಿ ಅಂಟಿಸಿರುವ ಅಬಕಾರಿ ಚೀಟಿ ಆ ದಾರಿಯ ರಸೀದಿ ಇದ್ದಂತೆ. ಅದು ಹರಿದು ಮತ್ತೆ ಅಂಟಿಸಿದಂತಿದ್ದರೆ, ಮುಚ್ಚಳ ತಿರುಗಿಸುವಾಗ ಉಂಗುರ ಟಪ್ಪೆಂದು ಮುರಿಯದಿದ್ದರೆ ಆ ಬಾಟಲಿ ಬೇಡ. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, 2007ರ ಜುಲೈ 1ರಿಂದ ಸಾರಾಯಿ ಪೂರ್ತಿ ನಿಷೇಧವಾಯಿತು. ಹೆಂಗಸರು ಅದಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದಿದ್ದರು, ಅವರ ಸಂಕಟ ನಿಜವಾದದ್ದು. ಆದರೆ ವರ್ಷ ತುಂಬುವ ಮೊದಲೇ, 2008ರ ಮೇನಲ್ಲಿ, ಬೆಂಗಳೂರಿನ ಆಸುಪಾಸು ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ಕಳ್ಳಬಟ್ಟಿ ಕುಡಿದು 150ಕ್ಕೂ ಹೆಚ್ಚು ಮಂದಿ ಸತ್ತರು. ಪ್ಯಾಕೆಟ್ ಹೋದ ಜಾಗಕ್ಕೆ ಮೆಲ್ಲಗೆ ಕಡಿಮೆ ದರದ ವಿಸ್ಕಿಯ 90 ಎಂಎಲ್ ಪೊಟ್ಟಣ ಬಂತು. ‘ನೈಂಟಿ’ ಬರೀ ಅಳತೆಯಾಗಿ ಉಳಿಯದೆ ಒಂದು ವರ್ಗದ ಹೆಸರೇ ಆದದ್ದು ಹೀಗೆ.

ಇದೆಲ್ಲದರ ನಡುವೆ ಸದ್ದಿಲ್ಲದೆ ಆದ ಒಂದು ತೀರ್ಮಾನ ಊರಿನ ಬಾರುಗಳ ನಕ್ಷೆಯನ್ನೇ ಬದಲಿಸಿತು. 1992ರಲ್ಲಿ ಸರ್ಕಾರ ಹೊಸ ಸಿಎಲ್-2 ಮತ್ತು ಸಿಎಲ್-9 ಕೊಡುವುದನ್ನು ನಿಲ್ಲಿಸಿತು. ಕುಡಿತ ಹೆಚ್ಚದಿರಲಿ ಎಂಬುದು ಉದ್ದೇಶ. ಊರು ಮಾತ್ರ ಮೂರು ದಶಕ ಬೆಳೆಯುತ್ತಲೇ ಹೋಯಿತು. ಲೈಸೆನ್ಸು ಸೈಟಿನಂತೆ ಆಸ್ತಿಯಾಯಿತು. ಹೆಸರು ಒಬ್ಬರದು, ಗಲ್ಲಾಪೆಟ್ಟಿಗೆ ಇನ್ನೊಬ್ಬರದು, ತಿಂಗಳ ಬಾಡಿಗೆಗೆ ಕೈ ಬದಲಾಯಿಸುವ ಕಾಗದ. ಹೊಸಬರಿಗೆ ಉಳಿದ ದಾರಿ ಸಿಎಲ್-7, ಅಂದರೆ ಹೋಟೆಲ್ ಕಟ್ಟಿ, ನಿಯಮ ಕೇಳಿದಷ್ಟು ಕೋಣೆ ತೋರಿಸಿ ಬಾರ್ ತೆರೆಯುವುದು. ಹೊರವರ್ತುಲ ರಸ್ತೆಯ ಆಚೀಚೆ ಯಾವತ್ತೂ ತುಂಬದ ಲಾಡ್ಜುಗಳು ಸಾಲುಗಟ್ಟಿ ನಿಂತಿರುವುದಕ್ಕೆ ಇದೂ ಒಂದು ಕಾರಣ. ಬಾರಿನವರು ಲೈಸೆನ್ಸಿನ ಬಾಡಿಗೆ, ಜಾಗದ ಬಾಡಿಗೆ ಎರಡನ್ನೂ ಕಟ್ಟಿದ ಮೇಲೆ ಅದು ಗ್ಲಾಸಿನ ಮೇಲೇ ಬೀಳುತ್ತದೆ. ಕುಡಿತ ತಗ್ಗಿಸಲು ಹೊರಟ ನಿಯಮ ಮಾಡಿದ್ದು ಇಷ್ಟೇ: ದುಡ್ಡಿಲ್ಲದವರನ್ನು ಕುರ್ಚಿಯಿಂದ ಎಬ್ಬಿಸಿ ಸಂದಿಯ ಕಟ್ಟೆಗೆ ನಿಲ್ಲಿಸಿತು.

ಎಂ.ಜಿ. ರಸ್ತೆಯ ಸುತ್ತ ಇದ್ದ ಪಬ್ಬು ಇಂದಿರಾನಗರ, ಕೋರಮಂಗಲಕ್ಕೆ ಹರಡಿದ್ದರ ಹಿಂದೆ 2007ರಲ್ಲಿ ಜಾರಿಗೆ ಬಂದ ನಗರದ ಮಹಾಯೋಜನೆ (ಮಾಸ್ಟರ್ ಪ್ಲಾನ್) ಇದೆ. ವಸತಿ ಬಡಾವಣೆಗಳ ಅಗಲ ರಸ್ತೆಗಳಲ್ಲಿ ಮಿಶ್ರ ಬಳಕೆಗೆ ಅದು ಅವಕಾಶ ಕೊಟ್ಟಿತು. 100 ಅಡಿ ರಸ್ತೆಯ ಮನೆಗಳು ಒಂದೊಂದಾಗಿ ಪಬ್ಬಾದವು, ಹಿಂದಿನ ಅಡ್ಡರಸ್ತೆಯ ಮನೆಗಳು ಮನೆಗಳಾಗಿಯೇ ಉಳಿದವು. ವಸತಿ ಪ್ರದೇಶದಲ್ಲಿ ರಾತ್ರಿ ಶಬ್ದದ ಮಿತಿ 45 ಡೆಸಿಬಲ್, ಹೆಚ್ಚುಕಡಿಮೆ ಮೆಲುಮಾತಿನಷ್ಟು. ತೆರೆದ ಮಹಡಿಯ ಮೇಲೆ ಸ್ಪೀಕರ್ ಇಟ್ಟು ಅದನ್ನು ಪಾಲಿಸುವುದು ಆಗದ ಮಾತು. ಬೇಸ್ ಸದ್ದು ಗೋಡೆ, ಕಿಟಕಿ ದಾಟಿ ಎದೆಗೇ ಬಂದು ಬಡಿಯುತ್ತದೆ. ನಿದ್ದೆಗೆಟ್ಟ ನಿವಾಸಿಗಳ ದೂರಿನಲ್ಲಿ ಅತಿಶಯ ಏನೂ ಇಲ್ಲ.

2010-11ರ ಹೊತ್ತಿಗೆ ಬಂದ ಮೈಕ್ರೋಬ್ರೂವರಿಯೂ ನಿಯಮದ್ದೇ ಕೂಸು. ಬಾರಿನೊಳಗೇ ಬಿಯರ್ ಮಾಡಿ ಅಲ್ಲೇ ಬಡಿಸಬಹುದು, ಆಲ್ಕೋಹಾಲ್ ಶೇ 8 ಮೀರಬಾರದು ಎಂದಾಯಿತು. ಲ್ಯಾವೆಲ್ ರಸ್ತೆ ಬಳಿಯ ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಆ ಮೊದಲ ತಂಡದವು. ಗಾಜಿನ ಹಿಂದೆ ಹೊಳೆಯುವ ಆ ಹಂಡೆಗಳಲ್ಲಿ ಆಗುವ ಕೆಲಸ ನಮ್ಮವರಿಗೆ ಅಪರಿಚಿತವೇನಲ್ಲ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದಂತೆಯೇ ಬಾರ್ಲಿ, ಗೋಧಿಯನ್ನು ಮಾಲ್ಟ್ ಮಾಡಿರುತ್ತಾರೆ. 1,000 ಲೀಟರ್ ಬಿಯರಿಗೆ ಸುಮಾರು 200 ಕೆಜಿ ಮಾಲ್ಟ್ ಬೇಕು. ಅದನ್ನು ತರಿಯಾಗಿ ಒಡೆದು 65ರಿಂದ 67 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಬಿಸಿ 75 ದಾಟಿದರೆ ಆ ಕೆಲಸ ಮಾಡುವ ಕಿಣ್ವಗಳು ಬೇಗ ಸಾಯುತ್ತವೆ. ಸಿಹಿನೀರನ್ನು ಸೋಸಿ, ಕಹಿ ಕೊಡುವ ಹಾಪ್ಸ್ ಹೂ ಹಾಕಿ 60ರಿಂದ 90 ನಿಮಿಷ ಕುದಿಸಿ, ಬೇಗ 20 ಡಿಗ್ರಿಗೆ ಇಳಿಸಿ ಯೀಸ್ಟ್ ಬಿಡುತ್ತಾರೆ. ಇಲ್ಲಿ ಬಹಳ ಜನ ಮೆಚ್ಚಿದ ಗೋಧಿ ಬಿಯರ್ ಹೆಫೆವೈಜನ್‌ನ ಬಾಳೆಹಣ್ಣಿನ ಘಮಕ್ಕೆ ಬಾಳೆಹಣ್ಣೇ ಬೇಕಿಲ್ಲ, ಅದು ಯೀಸ್ಟ್ ಕೊಡುವ ಘಮ. ಹುದುಗುವಾಗ ಬಿಸಿ ಸ್ವಲ್ಪ ಏರಿದರೆ ಬಾಳೆ ಮುಂದೆ ಬರುತ್ತದೆ, ತಂಪಿದ್ದರೆ ಲವಂಗದ ವಾಸನೆ.

ಕೆಡುವುದು ಸಾಮಾನ್ಯವಾಗಿ ಅವಸರದಿಂದ. ವಾರಾಂತ್ಯದ ನೂಕುನುಗ್ಗಲಿಗೆ ಟ್ಯಾಂಕ್ ಖಾಲಿಯಾದಾಗ ಹುದುಗು ಪೂರ್ತಿ ಇಳಿಯುವ ಮೊದಲೇ ಬಿಯರನ್ನು ತಣ್ಣಗೆ ಮಾಡಿಬಿಡುತ್ತಾರೆ. ಆಗ ಬೆಣ್ಣೆ ಹಚ್ಚಿದ ಪಾಪ್‌ಕಾರ್ನಿನ ವಾಸನೆ ಉಳಿಯುತ್ತದೆ. ಯೀಸ್ಟಿಗೆ ಒಂದೆರಡು ದಿನ ಹೆಚ್ಚು ಕೊಟ್ಟಿದ್ದರೆ ಅದನ್ನು ಅದೇ ತಿಂದು ಮುಗಿಸುತ್ತಿತ್ತು. ಹುಳಿ, ವಿನೆಗರ್ ವಾಸನೆ ಬಂದರೆ ನಲ್ಲಿಯ ಕೊಳವೆ ತೊಳೆದಿಲ್ಲ ಎಂದರ್ಥ, ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ಗ್ಲಾಸಿನ ಒಳಮೈಗೆ ಗುಳ್ಳೆಗಳು ಅಂಟಿ ನಿಂತಿದ್ದರೆ, ನೊರೆ ಕೂಡಲೇ ಸತ್ತರೆ ಗ್ಲಾಸಿಗೆ ಎಣ್ಣೆಜಿಡ್ಡು ಇದೆ. ಇವುಗಳಲ್ಲಿ ಯಾವುದಿದ್ದರೂ ಗ್ಲಾಸ್ ವಾಪಸ್ ಕೊಡಿ, ಸಂಕೋಚ ಬೇಡ. ಒಳ್ಳೆಯ ಕಡೆ ಕೇಳಿದರೆ ಮೊದಲು ಒಂದು ಗುಟುಕು ರುಚಿ ನೋಡಲು ಕೊಡುತ್ತಾರೆ.

ಗಡಿಯಾರದ ಜಗ್ಗಾಟ ಬೇರೆಯೇ. ವರ್ಷಗಟ್ಟಲೆ ರಾತ್ರಿ 11.30ಕ್ಕೆ ಪೊಲೀಸ್ ಜೀಪು ಬಂದು ದೀಪ ಆರಿಸುತ್ತಿತ್ತು. ಲೈವ್ ಬ್ಯಾಂಡ್, ಡಿಸ್ಕೋಗಳಿಗೆ ಪೊಲೀಸರ ಪರವಾನಗಿ ಬೇಕೆಂದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂಬ ತೀರ್ಪಿನಿಂದ 2017ರ ಜುಲೈ ಮೊದಲ ದಿನಗಳಲ್ಲಿ ಎಂ.ಜಿ. ರಸ್ತೆ, ಇಂದಿರಾನಗರದ ಎಷ್ಟೋ ಬಾರುಗಳು ಮುಚ್ಚಿದವು, ನಗರದ ಮಿತಿಯೊಳಗೆ ಅದು ಅನ್ವಯಿಸದು ಎಂದು ಕೋರ್ಟು ಸ್ಪಷ್ಟಪಡಿಸಿದ ಮೇಲೆ ತೆರೆದವು. 2014ರಲ್ಲಿ ವಾರಾಂತ್ಯಕ್ಕೆ ಪ್ರಯೋಗವೆಂದು ಶುರುವಾದ ರಾತ್ರಿ 1 ಗಂಟೆಯ ಅವಧಿ 2024ರಲ್ಲಿ ಪಾಲಿಕೆ ವ್ಯಾಪ್ತಿಯ ಬಾರುಗಳಿಗೆ ಆದೇಶವಾಗಿಯೇ ಬಂತು. ವಯಸ್ಸಿನ ವಿಷಯದಲ್ಲಿ ಗೊಂದಲ ಹಾಗೇ ಇದೆ: ಕಾಯ್ದೆ 18 ಅನ್ನುತ್ತದೆ, ಅದರಡಿಯ ಸಾಮಾನ್ಯ ಷರತ್ತುಗಳ ನಿಯಮ 21 ಅನ್ನುತ್ತದೆ. ಪಬ್ ಬಾಗಿಲಲ್ಲಿ ನೋಡುವುದು 21ನ್ನೇ, ಗುರುತಿನ ಚೀಟಿ ಜೊತೆಗಿರಲಿ. ಅಕ್ಟೋಬರ್ 2ರಂದು, ಮತದಾನ ಮುಗಿಯುವ ಮೊದಲಿನ 48 ಗಂಟೆ ಎಲ್ಲವೂ ಬಂದ್.

ರಾತ್ರಿ 1ರವರೆಗೆ ಬಾರ್ ತೆರೆದಿದ್ದರೂ ಟರ್ಮಿನಲ್‌ಗಳಿಂದ ಕೊನೆಯ ಮೆಟ್ರೋ 11ರ ಸುಮಾರಿಗೆ ಹೊರಡುತ್ತದೆ. ನಡುವಿನ ಎರಡು ಗಂಟೆ ಆಟೋದವರ ಬಾಯಿಗೆ ಬಂದ ರೇಟು. ರಕ್ತದ 100 ಎಂಎಲ್‌ಗೆ 30 ಮಿಲಿಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎಷ್ಟು ಕುಡಿದರೆ ಆ ಗೆರೆ ದಾಟುತ್ತದೆ ಎಂಬುದು ಮೈತೂಕ, ಊಟ, ಹೊತ್ತಿನ ಮೇಲೆ ಬದಲಾಗುತ್ತದೆ, ಗ್ಲಾಸ್ ಎಣಿಸಿ ಧೈರ್ಯ ಮಾಡಬೇಡಿ. ಗಾಡಿ ಮನೆಯಲ್ಲೇ ಬಿಡಿ.

ಗಿರಾಕಿ ಹೇಗೋ ಮನೆ ಸೇರುತ್ತಾನೆ. ಸಪ್ಲೈಯರ್, ಅಡುಗೆಯವರು, ಕ್ಲೀನರ್ ಹುಡುಗರು ಮೇಜು ಒರೆಸಿ, ಬಾಟಲಿ ಎಣಿಸಿ ಮುಗಿಸುವಾಗ 2 ಗಂಟೆ. ಕೋಣೆ ದೂರ, ಆಟೋಗೆ ದುಡ್ಡಿಲ್ಲ, ಹಾಗಾಗಿ ಎಷ್ಟೋ ಕಡೆ ಶಟರ್ ಎಳೆದುಕೊಂಡು ಒಳಗೇ ಮಲಗುತ್ತಾರೆ. 2018ರ ಜನವರಿ 8ರ ನಸುಕಿನಲ್ಲಿ ಕಲಾಸಿಪಾಳ್ಯದ ಬಾರೊಂದಕ್ಕೆ ಬೆಂಕಿ ಬಿದ್ದಾಗ ಹಾಗೆ ಮಲಗಿದ್ದ ಐವರು ಸತ್ತರು. ಅದಾದ ಮೇಲೆ ಮಹಡಿ ಮೇಲಿನ ಪಬ್ಬುಗಳ ತಪಾಸಣೆ ನಡೆಯಿತು, ನೋಟಿಸು ಹೋದವು, ಎರಡನೇ ಮೆಟ್ಟಿಲು ಇದೆಯೇ ಎಂದು ನೋಡಿದರು. ಅವಧಿಯನ್ನು 1 ಗಂಟೆಗೆ ವಿಸ್ತರಿಸಿದಾಗ ಮಾತ್ರ ಈ ಹುಡುಗರು ಎಲ್ಲಿ ಮಲಗಬೇಕು, ಹೇಗೆ ಮನೆಗೆ ಹೋಗಬೇಕು ಎಂಬುದು ಚರ್ಚೆಗೇ ಬರಲಿಲ್ಲ. ಮೆಟ್ರೋ ಮತ್ತೆ ಶುರುವಾಗುವುದು ಬೆಳಿಗ್ಗೆ 5ರ ಹೊತ್ತಿಗೆ, ಅಲ್ಲಿಯವರೆಗೆ ಅವರು ಆ ಶಟರಿನ ಒಳಗೇ ಇರುತ್ತಾರೆ.