ಜಿನನ ಪಕ್ಕದಲ್ಲಿದ್ದ ಯಕ್ಷಿಗೆ ತನ್ನದೇ ಗುಡಿ ಸಿಕ್ಕಿದ್ದು ಹೇಗೆ?

ಜೈನರು ಪೂಜಿಸುವ ಜಿನ, ಅಂದರೆ ತೀರ್ಥಂಕರ, ಯಾರಿಗೂ ವರ ಕೊಡುವುದಿಲ್ಲ. ಆಸೆ, ಕೋಪ ಎಲ್ಲ ಕಳಚಿಕೊಂಡವನು ಹರಕೆಗೆ ಓಗೊಡುವುದಾದರೂ ಹೇಗೆ? ಆದರೆ ಮಗುವಿಗೆ ಜ್ವರ ಬಂದರೆ ಮನೆಯವರು ಯಾರ ಹತ್ತಿರ ಹೇಳಿಕೊಳ್ಳಬೇಕು? ಬಸದಿಗಳಲ್ಲಿ ಜಿನನ ಕಾವಲು ದೇವತೆಗಳಾದ ಯಕ್ಷಿಯರು ಬೆಳೆದಿದ್ದು ಈ ಕಷ್ಟದಿಂದಲೇ ಅನ್ನುವುದು ನನ್ನ ನಂಬಿಕೆ.

ಮೊದಮೊದಲು ಎಲ್ಲ ತೀರ್ಥಂಕರರಿಗೂ ಒಂದೇ ಜೋಡಿ ಕಾವಲು: ಒಬ್ಬ ಯಕ್ಷ, ಒಬ್ಬ ಯಕ್ಷಿ. ಗುಜರಾತಿನ ಅಕೋಟದಲ್ಲಿ ಸಿಕ್ಕ 6ನೇ ಶತಮಾನದ ಕಂಚಿನ ಮೂರ್ತಿಯಲ್ಲಿ ಋಷಭನಾಥನ ಪಕ್ಕ ಅಂಬಿಕೆ ಇದ್ದಾಳೆ. ಮುಂದೆ ಅವಳು ನೇಮಿನಾಥನ ಯಕ್ಷಿಯಾದಳು. ಉತ್ತರ ಪ್ರದೇಶದ ದೇವಗಢದ ಗುಡಿಯಲ್ಲಿ 862ರ ಹೊತ್ತಿಗೆ ತೀರ್ಥಂಕರನಿಗೊಬ್ಬಳಂತೆ ಇಪ್ಪತ್ನಾಲ್ಕು ಯಕ್ಷಿಯರೂ ಸಾಲಾಗಿ ನಿಂತಿದ್ದರು.

ನಮ್ಮ ಐಹೊಳೆಯ ಅಂಬಿಕೆಯನ್ನು ನೋಡಲೇಬೇಕು. ಮೇಗುಟಿ ಬಸದಿಯ ಶಾಸನ 634ರದು. ಅಲ್ಲಿದ್ದ ಈ ಮೂರ್ತಿ ಈಗ ಊರಿನ ಮ್ಯೂಸಿಯಂನಲ್ಲಿದೆ. ಮಾವಿನ ಮರದಡಿ ಅವಳು ಒಂದು ಕಾಲು ಇಳಿಬಿಟ್ಟು ಆರಾಮಾಗಿ ಕೂತಿದ್ದಾಳೆ. ಸುತ್ತ ಸಖಿಯರು, ಹತ್ತಿರ ಸಿಂಹ. ಶ್ರಾದ್ಧದ ಅಡುಗೆಯನ್ನು ಜೈನ ಮುನಿಗೆ ಬಡಿಸಿದಳೆಂದು ಗಂಡನೇ ಅವಳನ್ನು ಮನೆಯಿಂದ ಹೊರಗೆ ಹಾಕಿದ್ದ. ಹಸಿದ ಮಕ್ಕಳಿಗಾಗಿ ಒಣಗಿದ ಮಾವಿನ ಮರ ಹಣ್ಣು ಬಿಟ್ಟಿತು. ಆ ಗಂಡನೇ ಮುಂದಿನ ಜನ್ಮದಲ್ಲಿ ಸಿಂಹವಾಗಿ ಅವಳ ವಾಹನವಾದ. ಇಷ್ಟು ನೋವುಂಡ ತಾಯಿಯ ಹತ್ತಿರ ಕಷ್ಟ ಹೇಳಿಕೊಳ್ಳುವುದು ಸುಲಭ, ಅಲ್ವಾ? ಶ್ರವಣಬೆಳಗೊಳದವರು ಇವಳನ್ನೇ ಕೂಷ್ಮಾಂಡಿನಿ ಅನ್ನುತ್ತಾರೆ. ಅಲ್ಲಿನ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನ ಗರ್ವ ಇಳಿಸಲು ಗುಳ್ಳಕಾಯಜ್ಜಿ ಎಂಬ ಮುದುಕಿಯಾಗಿ ಬಂದವಳೂ ಇವಳೇ ಎಂಬ ನಂಬಿಕೆ ಅಲ್ಲಿದೆ.

10ನೇ ಶತಮಾನಕ್ಕೆ ಬಂದರೆ ಯಕ್ಷಿಯ ಬಲ ಇನ್ನೂ ಜಾಸ್ತಿ. 939ರಲ್ಲಿ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಇಂದ್ರನಂದಿ 'ಜ್ವಾಲಾಮಾಲಿನಿ ಕಲ್ಪ' ಬರೆದ. ಗ್ರಹ ಹಿಡಿದ ಶಿಷ್ಯೆಯನ್ನು ಬಿಡಿಸಲು ಹೇಲಾಚಾರ್ಯ ಎಂಬ ಮುನಿ ಜ್ವಾಲಾಮಾಲಿನಿ ಯಕ್ಷಿಯನ್ನು ಒಲಿಸಿಕೊಂಡ ಕಥೆ ಅದರಲ್ಲಿದೆ. ಇಪ್ಪತ್ತೇ ವರ್ಷದಲ್ಲಿ, 959ರಲ್ಲಿ, ಅದೇ ರಾಜ್ಯದ ಸೋಮದೇವ ಸೂರಿ 'ಯಶಸ್ತಿಲಕ'ದಲ್ಲಿ ಎಚ್ಚರಿಸಿದ: ಈ ದೇವತೆಗಳು ಇರುವುದು ಧರ್ಮ ಕಾಯಲು. ಪೂಜೆಯಲ್ಲಿ ಅವರಿಗೂ ಒಂದು ಪಾಲು ಕೊಡಿ, ಆದರೆ ಜಿನನಿಗೆ ಸಮ ಎಂದುಕೊಂಡವನಿಗೆ ಅಧೋಗತಿ.

ಶಿಲ್ಪಿಗಳು ಈ ಮಾತನ್ನು ಕಲ್ಲಿನಲ್ಲೇ ಪಾಲಿಸಿದರು. ಯಕ್ಷಿ ಎಷ್ಟೇ ದೊಡ್ಡದಾಗಿದ್ದರೂ ಅವಳ ಕಿರೀಟದ ಹತ್ತಿರ ಕಣ್ಣಿಟ್ಟು ನೋಡಿ. ಬಹಳಷ್ಟು ಮೂರ್ತಿಗಳಲ್ಲಿ ಬೆರಳುದ್ದದ ಜಿನ ಕೂತಿರುತ್ತಾನೆ. ಬಸದಿ, ಗೊಮ್ಮಟರ ಎದುರಿನ ಕಂಬದ ತುದಿಯಲ್ಲಿ ಕೂತ ಬ್ರಹ್ಮದೇವನೂ ಇಂಥ ಕಾವಲು ಯಕ್ಷನೇ, ಹಿಂದೂಗಳ ಬ್ರಹ್ಮನಲ್ಲ. ಕಾರ್ಕಳದ ಗೊಮ್ಮಟನ ಎದುರು ವೀರಪಾಂಡ್ಯ 1436ರಲ್ಲಿ ಅಂಥ ಕಂಬ ನಿಲ್ಲಿಸಿದ.

ಉತ್ತರದಲ್ಲಿ 17ನೇ ಶತಮಾನದಿಂದ ಬೆಳೆದ ದಿಗಂಬರ ಜೈನರ ತೇರಾಪಂಥ ಎಂಬ ಪಂಗಡದವರು ಯಕ್ಷಿಪೂಜೆಯನ್ನೇ ಕೈಬಿಟ್ಟರು. ನಮ್ಮಲ್ಲಿ ಹಾಗಾಗಲಿಲ್ಲ. ತಮ್ಮದೇ ಗುಡಿಯಿರುವ ಯಕ್ಷಿಯರಾದ ಹೊಂಬುಜದ ಪದ್ಮಾವತಿಗೂ ಸಿಂಹನಗದ್ದೆಯ ಜ್ವಾಲಾಮಾಲಿನಿಗೂ ಇಂದಿಗೂ ಜನ ಹರಕೆ ಹೊರುತ್ತಾರೆ. ಅದನ್ನು ಸುಮ್ನೆ ಮೂಢನಂಬಿಕೆ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಸೋಮದೇವ ಹೇಳಿದ ಆ ಒಂದು ಪಾಲನ್ನೇ ಅಲ್ಲಿನ ಭಕ್ತರು ಅಮ್ಮನಿಗೆ ಸಲ್ಲಿಸುತ್ತಿದ್ದಾರೆ.